ಮೇ ತಿಂಗಳ ಕೌದಿ

ಸಿಂದಗಿ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೊಡನೆ ಸುನೀತಾಳ ಎದೆ ಜೋರಾಗಿ ಬಡಿಯಿತು...

ಅವಳು ಬೆದರಿದಳು. ಈ ಎದೆ ಹೀಗೆ ಬಡಿದು ಎಷ್ಟು ಕಾಲವಾಗಿತ್ತು!

ಸೋಮನಿಂಗ ಎದುರು ಬಂದು ನಿಂತ. ಕಂಕುಳಲ್ಲಿ ಮಡಚಿದ ಕೌದಿ. ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿತ್ತು.

"ಫೋನ್ ಮಾಡಿ ಕರದಿ. ಬಂದೇನಿ. ಹೇಳು."

ಅವಳ ಗಂಡ. ಮುದ್ದೇಬಿಹಾಳದಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವನು. ಅವಳು ಇಂಡಿಯ ತವರಿನಲ್ಲಿ. ನಡುವೆ ಒಂದು ವರ್ಷದ ಮೌನ.

ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು. ಕೂಸು ಉಳಿಯಲಿಲ್ಲ, ಎದೆಯಲ್ಲಿ ಹಾಲೂ ಬರಲಿಲ್ಲ. ಬಂದದ್ದು ಥಂಡಿ. ಬೇಸಿಗೆಯಲ್ಲೂ ಕೌದಿ ಹೊದ್ದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನಗುವೂ ಇಲ್ಲ, ಅಳುವೂ ಇಲ್ಲ.

"ನನ್ನ ಮ್ಯಾಲ ಮನಸ್ಸೈತೋ ಇಲ್ಲೋ?" ಒಂದು ದಿನ ಅವನು ಕೇಳಿದ್ದ.

ತನ್ನೊಳಗೆ ಹುಡುಕಿ ಅವಳು ಇದ್ದದ್ದನ್ನೇ ಹೇಳಿದ್ದಳು. "ಇಲ್ಲ ಅನಸ್ತೈತ್ರಿ."

ಮರುದಿನ ಅವನೇ ಇಂಡಿ ಬಸ್ಸು ಹತ್ತಿಸಿದ್ದ.

"ನಾಲತವಾಡದಾಗ ನಿಮಗ ಹುಡುಗಿ ನೋಡ್ಯಾರಂತ?" ಈಗ ಸುನೀತಾ ಕೇಳಿದಳು.

"ಅವ್ವ ನೋಡ್ಯಾಳ. ಲಗ್ನ ಮುರಿಯೂ ಸೋಡಚೀಟಿ ಕೇಳ್ಕೊಂಡು ಬಾ ಅಂದಾಳ." ಅವನು ನೆಲ ನೋಡಿದ.

"ಕೊಡ್ತೇನ್ರಿ. ಮೊದಲ ಒಂದು ಮಾತು ಕೇಳ್ರಿ. ಸಂಕ್ರಾಂತಿ ಮುಂದ ಉಸಿರು ಕಟ್ಟಿ ಬಿದ್ದೆ. ಎದಿ ಸುತ್ತ ನೀರು ತುಂಬಿತ್ತು. ಹೆರಿಗಿಯೊಳಗ ರಕ್ತ ಹೋಗಿ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಸತ್ತೈತಂತ. ಅದರ ಹಾರ್ಮೋನ್ ಇಲ್ದ ಎದಿ ಸೋತಿತ್ತಂತ. ಆ ಥಂಡಿನೂ ಅದ, ಆ ಸುಮ್ಮನ ಇರೂದೂ ಅದ."

ಅವನು ತಲೆಯೆತ್ತಿದ.

"ಮತ್ತ ಯಾಕ ತಿಳಸಲಿಲ್ಲ?"

"ಗುಳಗಿ ನುಂಗಿದ್ರ ಎದಿ ಗುಣ ಆಗ್ತೈತಿ ಅಂದ್ರು ಡಾಕ್ಟರು. ನಿಮ್ಮ ಮ್ಯಾಲಿನ ಮನಸ್ಸು ಬರ್ತೈತಂತ ಯಾರೂ ಹೇಳಲಿಲ್ಲ. ಅದನ್ನ ನೋಡಾಕ ನಿಮ್ಮನ್ನ ಕರದೆ."

"ನೋಡಿದೇನು?"

"ಹೂಂ. ನೀವು ಗೇಟಿನಾಗ ಬರೂಮುಂದನ..." ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮುಂದ ಕೂಸು ಆಗ್ತಾವೋ ಇಲ್ಲೋ ಗೊತ್ತಿಲ್ರಿ. ಗುಳಗಿ ಸಾಯೂತನಕ. ತಿಳದು ಹೇಳ್ರಿ."

ಅವನು ಕೌದಿ ಚಾಚಿದ. "ನಿನ್ನ ಸಾಮಾನೆಲ್ಲಾ ಕೊಟ್ಟು ಬಾ ಅಂದಿದ್ಲು ಅವ್ವ. ಇದೊಂದ ತಂದೆ. ನಿನಗ ಥಂಡಿ ಹತ್ತತೈತಲ್ಲ."

"ಇಂಥಾ ಬಿಸಲಾಗ?"

"ಹೋದ ವರ್ಷದ ಬಿಸಲಾಗೂ ಹೊಚ್ಚಿಕೊಂಡೇ ಇದ್ದೆಲ್ಲ."

ಅವಳು ಹಣೆ ಮುಟ್ಟಿಕೊಂಡಳು. ಬೆರಳು ಒದ್ದೆ. "ಈಗ ಬೆವರಾಕತ್ತೇನ್ರಿ," ಎನ್ನುತ್ತ ನಗಲು ಹೋಗಿ ಅತ್ತುಬಿಟ್ಟಳು.

ಅಷ್ಟರಲ್ಲಿ ಮುದ್ದೇಬಿಹಾಳದ ಬಸ್ಸು ಬಂತು. ಸೀಟು ಹಿಡಿಯಲು ಜನ ಓಡುತ್ತ ಕಿಟಕಿಯೊಳಗೆ ಟವೆಲು, ಚೀಲ ಎಸೆಯತೊಡಗಿದರು. ಸೋಮನಿಂಗನೂ ಓಡಿದ. ಕಿಟಕಿಯೊಳಗೆ ಕೌದಿ ತೂರಿದ. ಅದು ಬಿಚ್ಚಿಕೊಂಡು ಸೀಟಿನ ತುಂಬಾ ಹರಡಿತು.

"ನನ್ನ ಕೇಳಲೇ ಇಲ್ಲಲ್ರಿ?"

"ಇಬ್ಬರಿಗೆ ಹಿಡದೇನಿ. ನೀ ಇಂಡಿ ಬಸ್ ಹತ್ತಿದ್ರ, ಬಾಜೂಕ ಕೌದಿ ಕುಂದರತೈತಿ."

ಅವಳು ಮೆಟ್ಟಿಲ ಮೇಲೆ ಕಾಲಿಟ್ಟಳು. ಅವನಿಗೆ ಥಟ್ಟನೆ ನೆನಪಾಯಿತು.

"ತಡಿ, ನಿನ್ನ ಗುಳಗಿ?"

"ಚೀಲದಾಗ ಅದಾವ್ರಿ. ತಿಂಗಳಿಗಾಗೂವಷ್ಟು."

ಅವನು ಅವಳನ್ನೇ ನೋಡಿದ. "ಅಂದ್ರ... ನೀನೂ ನನ್ನ ಕೇಳದ ಬಂದಿ."