ಆಕ್ಸಲ್ ಜಾಯಿಂಟಿಗೆ ಕಪ್ಪು ಗ್ರೀಸ್

ಸಿಂಚನಾ ಅಂಜನ್‌ಕುಮಾರನಿಗೆ ಮೊದಲ ಸಲ ಕೊಟ್ಟದ್ದೇ ತಪ್ಪು ಗ್ರೀಸ್. ತುಮಕೂರಿನಲ್ಲಿ ಅಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅವಳು ಆಗಷ್ಟೇ ಕೂರಲು ಶುರುಮಾಡಿದ್ದಳು. ಗುಬ್ಬಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಅವನು ಡಬ್ಬಿಯನ್ನು ವಾಪಸ್ ತಂದು ಕೌಂಟರಿನ ಮೇಲಿಟ್ಟ.

"ಇದು ವೀಲ್ ಬೇರಿಂಗಿಗೆ ಹಾಕೋದು ಮೇಡಂ. ನಾನು ಕೇಳಿದ್ದು ಆಕ್ಸಲ್ ಜಾಯಿಂಟಿಗೆ. ಕಪ್ಪಗಿರುತ್ತಲ್ಲ, ಮೋಲಿ ಗ್ರೀಸ್."

"ಎಲ್ಲಾ ಗ್ರೀಸೇ ಅಲ್ವಾ?"

"ಕಾಫಿ ಕೇಳ್ದೋರಿಗೆ ಕಷಾಯ ಕೊಟ್ರೆ ಕುಡೀತಾರಾ?"

ಅವಳು ನಕ್ಕುಬಿಟ್ಟಳು. ಅವನು ನಗಬಾರದೆಂದು ತುಟಿ ಬಿಗಿಹಿಡಿದ; ಕಣ್ಣು ಮಾತ್ರ ಮಾತು ಕೇಳಲಿಲ್ಲ.

ಆಮೇಲೆ ಒಂದು ಕ್ಲಿಪ್ ಬೇಕಾದರೂ ಗುಬ್ಬಿಯಿಂದ ಅವನೇ ಬರತೊಡಗಿದ. ಬೆರಳ ತುದಿಯ ಕರಿ ಕಾಣದಿರಲೆಂದು ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದ. ಅವಳಿಗೆ ಆ ಬೆರಳುಗಳೇ ಇಷ್ಟ.

"ನಿಮ್ಮಪ್ಪನ್ನ ನಾನೇ ಬಂದು ಕೇಳ್ಲಾ?" ಎಂದ ಒಂದು ಸಂಜೆ, ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುರಿಯುತ್ತ.

"ಬೇಡ. ಜಾತಿ ವಿಷಯ ಮೊದ್ಲು ನನ್ ಬಾಯಿಂದ ಕೇಳ್ಲಿ. ನಾನೇ ಹೇಳ್ತೀನಿ."

ಹೇಳುವ ಧೈರ್ಯ ಬರುವ ಮೊದಲೇ ಕುಣಿಗಲ್ಲಿನ ಸಂಬಂಧ ಬಂತು.

ಮಾತು ಮುಗಿಸಲು ಗಂಡಿನ ಮನೆಗೆ ಹೊರಟ ದಿನ, ಅಪ್ಪ ರೇಣುಕಾಪ್ರಸಾದ್ ಮೊದಲು ಗುಬ್ಬಿಯ ಗುಡಿಯಲ್ಲಿ ಗುಬ್ಬಿಯಪ್ಪನಿಗೆ ಕೈಮುಗಿದು ಹೋಗೋಣವೆಂದರು. ಅಮ್ಮ ಹಿಂದಿನ ದಿನವೇ ಕುಣಿಗಲ್ ಸೇರಿದ್ದಳು. ಗುಡಿಯಿಂದ ಹೊರಬಂದಾಗ ಕಾರಿನ ಮುಂದಿನ ಚಕ್ರದ ಒಳಬದಿಗೆಲ್ಲ ಗ್ರೀಸ್ ಸಿಡಿದಿತ್ತು.

"ಆಕ್ಸಲ್ ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆ ಕಣಮ್ಮ," ಅಪ್ಪ ಬಗ್ಗಿ ನೋಡಿದರು. "ಮಣ್ಣು ಹೋದ್ರೆ ಜಾಯಿಂಟೇ ಹೋಗುತ್ತೆ. ಅಂಜನ್ ಹತ್ರ ಹೋಗೋಣ. ಒಳ್ಳೇ ಹುಡುಗ."

ರೇಷ್ಮೆ ಸೀರೆಯಲ್ಲಿ ಇಳಿದವಳನ್ನು ಅಂಜನ್ ಒಂದೇ ಸಲ ನೋಡಿದ. ಜಾಕ್ ತಂದು ಚಕ್ರ ಬಿಚ್ಚಿ, ಆಕ್ಸಲ್ ಹೊರಗೆಳೆದ. ಅಪ್ಪ ಎಳನೀರು ತರಲು ರಸ್ತೆ ದಾಟಿದರು.

ಅವಳು ಸೆರಗು ಎತ್ತಿಕೊಂಡು ಅವನ ಪಕ್ಕ ಕುಳಿತಳು. "ಕುಣಿಗಲ್‌ಗೆ ಹೋಗ್ತಿದೀವಿ. ಇವತ್ತೇ ಮಾತು ಕೊಡ್ತಾರೆ."

ಅವನು ಹಳೇ ಗ್ರೀಸ್ ಒರೆಸಿ, ಜಾಯಿಂಟಿನ ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಉರುಳಿಸಿ ನೋಡುತ್ತಿದ್ದ.

"ಜಾಯಿಂಟ್ ಹೋಗಿದೆ ಅನ್ನು ಅಂಜನ್. ಗಾಡಿ ಇವತ್ತು ಆಗಲ್ಲ ಅನ್ನು."

"ಚೆನ್ನಾಗೇ ಇದೆ ಕಣೇ. ಮಣ್ಣು ಹೋಗಿಲ್ಲ."

"ಒಂದೇ ಒಂದು ಸುಳ್ಳು."

"ಇವತ್ತು ನಿಲ್ಲಿಸ್ಬಹುದು. ನಾಳೆ ಬೇರೆ ಗಾಡೀಲಿ ಹೋಗ್ತೀರ." ಅವನ ಧ್ವನಿ ಒಡೆಯಿತು. "ನೀನೇ ಹೇಳ್ಬೇಕು ಸಿಂಚು. ಈಗ್ಲೇ ಹೇಳು. ಕೈ ತೊಳ್ಕೊಂಡು ಬಂದು ಪಕ್ಕದಲ್ಲಿ ನಿಂತ್ಕೋತೀನಿ."

ಅಪ್ಪ ಮೂರು ಎಳನೀರು ಹಿಡಿದು ಬಂದರು. ಒಂದು ಅಂಜನ್‌ಗೆ. "ಮೊದ್ಲು ಕುಡಿಯಪ್ಪ, ಬಿಸಿಲಲ್ಲಿ ಒದ್ದಾಡ್ತಿದೀಯ."

ಅವಳು ತನ್ನ ಎಳನೀರು ತೆಗೆದುಕೊಂಡು ಎದ್ದು ನಿಂತಳು.

ಕುಡಿದು ಅಂಜನ್ ಕೈ ಚಾಚಿದ. ಹಲಗೆಯ ಮೇಲಿದ್ದ ಟ್ಯೂಬುಗಳಲ್ಲಿ ಅವನು ಕೇಳುವ ಮೊದಲೇ ಅವಳು ಕಪ್ಪು ಗ್ರೀಸಿನದನ್ನು ಎತ್ತಿಕೊಟ್ಟಳು. ಅಪ್ಪ ಅದನ್ನು ನೋಡಿದರು. ಅಂಜನ್ ಗುಂಡುಗಳ ಸಂದಿಗೆಲ್ಲ ಗ್ರೀಸ್ ತುಂಬಿ, ಹೊಸ ರಬ್ಬರ್ ಬೂಟ್ ಏರಿಸಿ, ಎರಡೂ ಕಡೆ ಕ್ಲಿಪ್ ಬಿಗಿದ. ಆಕ್ಸಲ್ ಕೂರಿಸಿ ಚಕ್ರ ಹಾಕಿದ ಮೇಲೆ ಅಪ್ಪನಿಗೆ ಹೇಳಿದ, ಅವಳನ್ನು ನೋಡುತ್ತ:

"ಇನ್ನೇನೂ ತೊಂದ್ರೆ ಇಲ್ಲ ಸಾರ್. ಆರಾಮಾಗಿ ಹೋಗ್ಬಹುದು."

ಹೇಳಿದವನು ಅಲ್ಲಿಂದ ಕದಲಲಿಲ್ಲ, ಕಾದ. ಅವಳು ಬಾಯಿ ತೆರೆದಳು.

"ಬರ್ತೀವಿ," ಎಂದಳು.

ಅವನು ತಲೆಯಾಡಿಸಿ ನಲ್ಲಿಯ ಕಡೆ ತಿರುಗಿದ.

ಊರು ದಾಟಿದ ಮೇಲೆ ಅಪ್ಪ ಕಾರು ನಿಧಾನ ಮಾಡಿದರು. "ಆ ಹುಡುಗನ ಹತ್ರ ಏನ್ ಮಾತಾಡ್ತಿದ್ದೆ?"

"ಗಾಡಿ ಬಗ್ಗೆ."

"ಅಷ್ಟೇನಾ?" ಅಪ್ಪ ರಸ್ತೆ ಬದಿಗೆ ಕಾರು ನಿಲ್ಲಿಸಿಯೇ ಕೇಳಿದರು. "ಏನಿದ್ರೂ ಈಗ ಹೇಳಮ್ಮ."

ಆ ದನಿಯಲ್ಲಿ ಕೋಪವಿರಲಿಲ್ಲ. ಭಯವಿತ್ತು. ಹೇಳಿಬಿಡುತ್ತಾಳೇನೋ ಎಂಬ ಭಯ.

"ಅಷ್ಟೇ ಅಪ್ಪ," ಎಂದಳು ಸಿಂಚನಾ.

ಅಪ್ಪ ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನೊಮ್ಮೆ ನೋಡಿದರು. ಆಮೇಲೆ ಗೇರ್ ಹಾಕಿದರು.