ಯಾವ ಅಚ್ಚು?

ಹೊನ್ನಾಳಿ ಠಾಣೆಗೆ ದೂರು ಬಂದದ್ದು 1984ರ ಫೆಬ್ರವರಿ 6, ಸೋಮವಾರ ಬೆಳಿಗ್ಗೆ. ಕೊಟ್ಟವನು ಷಣ್ಮುಖಪ್ಪ, ನ್ಯಾಮತಿ ರಸ್ತೆಯಲ್ಲಿ ಜೀಪು, ವ್ಯಾನುಗಳಿಗೆ ಬಾಡಿ ಕಟ್ಟುವ ಷೆಡ್ಡಿನ ಮಾಲೀಕ. ಬೆಂಗಳೂರಿನ ಕಂಪನಿಯೊಂದು ಹೊಸ ನಮೂನೆಯ ಸಣ್ಣ ಕಾರು ಮಾಡಿ ನೋಡುತ್ತಿತ್ತು. ಅದರ ಮುಂಭಾಗದ ಕೆಲಸ ಇವನ ಷೆಡ್ಡಿಗೆ ಬಂದಿತ್ತು.

“ಕಾರಿನ ಅಚ್ಚು ಹೋಗೈತೆ ಸರ್. ಅದಿಲ್ಲಾಂದ್ರೆ ಗಾಡಿ ಮುಂದಕ್ಕೆ ಹೋಗಾಕಿಲ್ಲ.”

“ಎಷ್ಟು ಭಾರ ಐತೆ?” ಸಬ್ ಇನ್‌ಸ್ಪೆಕ್ಟರ್ ನಾಗರಾಜಪ್ಪ ಕೇಳಿದ.

“ಇಬ್ಬರು ಹಿಡೀಬೇಕು.”

“ಅನುಮಾನ?”

“ಯಾರ ಮೇಲೆ ಹೇಳ್ಲಿ ಸರ್? ಇರೋರೆಲ್ಲಾ ನಮ್ಮೋರೇ.”

ನಾಗರಾಜಪ್ಪ ತ್ಯಾವಣಿಗೆಯಲ್ಲಿ ಎತ್ತಿನ ಗಾಡಿ ನೋಡುತ್ತ ಬೆಳೆದವನು. ಎರಡು ಗಾಲಿಗಳ ನಡುವೆ ಇರುವುದೇ ಅಚ್ಚು; ಅದರಲ್ಲಿ ಕೇಳುವುದೇನಿದೆ? ಕಾನ್‌ಸ್ಟೇಬಲ್ ತಿಪ್ಪೇಶಪ್ಪ ‘ಕಾರಿನ ಕಬ್ಬಿಣದ ಅಚ್ಚು’ ಎಂದು ಎಫ್‌ಐಆರ್ ಬರೆದ. ಷಣ್ಮುಖಪ್ಪ ಓದಿಯೂ ನೋಡದೆ ರುಜು ಹಾಕಿ, ಕಂಪನಿಯವರ ಕೈಕಾಲು ಹಿಡಿದು ಗಡುವು ಮುಂದೂಡಿಸಲು ಬೆಂಗಳೂರು ಬಸ್ಸು ಹತ್ತಿದ.

ಷೆಡ್ಡಿನಲ್ಲಿ ಸ್ಥಳ ಪಂಚನಾಮೆ ಆಯಿತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಮಾಲೀಕನ ಬಳಿ, ಬಿಟ್ಟರೆ ತಗಡು ಬಡಿಯುವ ಚಿಕ್ಕಹನುಮಂತಪ್ಪನ ಬಳಿ. ಷೆಡ್ಡು ಶುರುವಾದಂದಿನಿಂದ ಅಲ್ಲಿನ ಪ್ರತಿ ಬಾನೆಟ್ಟೂ ಅವನ ಸುತ್ತಿಗೆಯಲ್ಲೇ ರೂಪಾದದ್ದು.

ಮಧ್ಯಾಹ್ನ ಗೋವಿನಕೋವಿಯ ಅವನ ಮನೆಗೆ ಹೋದಾಗ ಆತ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ.

“ಅಚ್ಚಿನ ಸಲುವಾಗಿ ಬಂದ್ರೇನ್ರಿ?”

“ಹೌದು. ಕಬ್ಬಿಣದ್ದು. ಹಿತ್ತಲು ನೋಡಬೇಕು.”

ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. “ಕಬ್ಬಿಣದ್ದು ಇಲ್ಲ ಸರ್. ನೋಡ್ರಿ ಬೇಕಾದ್ರೆ.”

ಹಿತ್ತಲಲ್ಲಿ ಕಬ್ಬಿಣದ ಅಚ್ಚು ಇರಲಿಲ್ಲ. ಅವನ ಹೆಂಡತಿ ಉಡಚಮ್ಮ ಎಮ್ಮೆಗೆ ಹಸಿಹುಲ್ಲು ಹಾಕುತ್ತಿದ್ದಳು. ಹುಲ್ಲಿದ್ದ ಕಪ್ಪು ಬಾನಿ ಅಗಲವಾಗಿ, ಒಳಗೆಲ್ಲ ನುಣುಪಾಗಿತ್ತು. ನಾಗರಾಜಪ್ಪ ಅದರ ಅಂಚು ಸವರಿದ.

“ಬಾನಿ ಚೆನ್ನಾಗೈತಲ್ಲ. ಎಲ್ಲಿ ತಂದೆ?”

“ನನ್ನ ಕೈಕೆಲಸದಿಂದಾನೇ ಆಗಿದ್ದು ಸರ್,” ಎಂದ ಚಿಕ್ಕಹನುಮಂತಪ್ಪ.

ಆಮೇಲೆ ಶುರುವಾಯಿತು ಗುಜರಿ ಅಂಗಡಿಗಳ ಸುತ್ತಾಟ. ನ್ಯಾಮತಿ ಆಯಿತು, ಚನ್ನಗಿರಿ ಆಯಿತು. ಕೊನೆಗೆ ಜಗಳೂರಿನಲ್ಲಿ ಟಾರ್ಪಾಲಿನ ಅಡಿ ಒಂದು ಅಚ್ಚು ಸಿಕ್ಕಿತು. ರಸೀದಿ ಇಲ್ಲ, ಅಂಗಡಿಯವನ ಮಾತಿಗೆ ತಲೆಬುಡವಿಲ್ಲ. ಅದನ್ನು ಜೀಪಿಗೇರಿಸಿ ತರುವಷ್ಟರಲ್ಲಿ ತಿಪ್ಪೇಶಪ್ಪನ ಸೊಂಟ ಹಿಡಿದುಕೊಂಡಿತ್ತು. ಕೇಸು ಮುಗಿಯಿತೆಂದು ನಾಗರಾಜಪ್ಪ ಅಂದು ನೆಮ್ಮದಿಯಿಂದ ಊಟ ಮಾಡಿದ.

ಶುಕ್ರವಾರ ಊರಿಗೆ ಮರಳಿದ ಷಣ್ಮುಖಪ್ಪ ಗುರುತು ಹಿಡಿಯಲು ಬಂದ.

“ಇದೇನ್ ಸರ್ ಇದು?”

“ನಿಮ್ಮ ಅಚ್ಚು.”

ಷಣ್ಮುಖಪ್ಪ ತಲೆ ಮೇಲೆ ಕೈ ಹೊತ್ತುಕೊಂಡ. “ಅಯ್ಯೋ, ಈ ಅಚ್ಚಲ್ಲ! ಬೆಲ್ಲದ ಅಚ್ಚು ಇರ್ತೈತಲ್ರೀ, ಹಂಗೆ. ಬಾನೆಟ್ಟಿಂದು. ಒಳಗೆ ಫೈಬರ್ ಹಚ್ಚಿ, ಒಣಗಿಸಿ ಎಬ್ಬಿದ್ರೆ ಬಾನೆಟ್ಟೇ ಬರ್ತೈತೆ. ತಗಡು ಬಡಿಯೋದೇ ಬ್ಯಾಡ.”

“ನೋಡಾಕೆ ಹೆಂಗೈತೆ?”

“ಅದೂ ಫೈಬರಿಂದೇ. ಕಪ್ಪಗೆ, ಅಗಲಕ್ಕೆ. ಒಳಗೆ ಕನ್ನಡಿ ಇದ್ದಂಗೆ ನುಣುಪು.”

ಅಂಚು ಸವರಿದ ಬೆರಳುಗಳನ್ನು ನಾಗರಾಜಪ್ಪ ಒಮ್ಮೆ ನೋಡಿಕೊಂಡ. “ತಿಪ್ಪೇಶಪ್ಪ, ಜೀಪು ತೆಗಿ,” ಎಂದ.

ಗೋವಿನಕೋವಿಯ ಹಿತ್ತಲಲ್ಲಿ ಎಮ್ಮೆ ಈಗ ಆ ಬಾನಿಯಲ್ಲಿ ಕಲಗಚ್ಚು ಕುಡಿಯುತ್ತಿತ್ತು. ಬಾನಿ ಬರಿದು ಮಾಡಿಸಿ ತೊಳೆಸಿದಾಗ ಒಳಮೈಯೆಲ್ಲ ಕೊಂಬಿನ ಗೀರು. ಒಂದು ಗೀರು ಬಿದ್ದರೂ ಅದರಲ್ಲಿ ತೆಗೆದ ಬಾನೆಟ್ಟಿನ ಮೇಲೆಲ್ಲ ಮೂಡುತ್ತದೆ. ಜೊತೆಗೆ ಬಂದಿದ್ದ ಷಣ್ಮುಖಪ್ಪ ಗೀರುಗಳ ಮೇಲೆ ಉಗುರು ಆಡಿಸಿ ನೋಡಿ, ಅಲ್ಲೇ ಕೂತುಬಿಟ್ಟ. ಪಂಚರ ಮುಂದೆ ಅಚ್ಚು ಜಪ್ತಿಯಾಯಿತು.

“ಯಾಕೆ ಒಯ್ದೆ?” ನಾಗರಾಜಪ್ಪ ಕೇಳಿದ.

“ನಾನು ಬಡಿದ ಬಾನೆಟ್ಟಿನ ಮೇಲೇ ಅಚ್ಚು ತೆಗೆದ್ರು ಸರ್. ಎಬ್ಬುವಾಗ ನನ್ನ ಬಾನೆಟ್ಟು ನೆಗ್ಗಿಹೋತು. ಇನ್ನ್ಯಾಕೆ ಅದು ಅಂತ ಮುರಿದು ಗುಜರಿಗೆ ಹಾಕಿದ್ರು. ‘ಹನುಮಂತಪ್ಪ, ಇನ್ನು ನಿನ್ನ ಸುತ್ತಿಗೆ ಅಟ್ಟಕ್ಕೆ ಹಾಕು’ ಅಂದ್ರು ಸಾವ್ಕಾರ್ರು. ಎಲ್ಲಾ ನಕ್ಕರು.”

“ಮಾರಾಕೆ ಒಯ್ದಿದ್ದಾ?”

“ಯಾರು ತಗಳ್ತಾರೆ ಸರ್? ರಾತ್ರಿ ತಳ್ಳುಗಾಡೀಲಿ ಒಬ್ಬನೇ ತಂದಿಟ್ಟೆ. ಹುಡುಕ್ಕೊಂಡು ಸಾವ್ಕಾರ್ರೇ ನಮ್ಮನೆ ಬಾಗಿಲಿಗೆ ಬರ್ತಾರೆ, ಕೂತು ಮಾತಾಡ್ತಾರೆ ಅಂದ್ಕೊಂಡಿದ್ದೆ. ನೀವು ಬಂದ್ರಿ. ಕೊಟ್ಟುಬಿಡಾಣ ಅಂತಾನೇ ಎದ್ದೆ. ನೀವು ಕಬ್ಬಿಣದ್ದು ಅಂದ್ರಿ.”

“ಅವತ್ತೇ ಬಾಯಿ ಬಿಡಬಾರದಿತ್ತೇನೋ ಮಾರಾಯ?”

“ಸಾವ್ಕಾರ್ರು ಇದು ಕಳವಾಗೈತೆ ಅಂತಾನೂ ಬರೆಸಿಲ್ಲ, ಇದರ ಲೆಕ್ಕಾನೇ ಇಲ್ಲ ಅವರಿಗೆ ಅನ್ನಿಸ್ತು ಸರ್. ಎಮ್ಮೆಗಾದ್ರೂ ಆಗ್ಲಿ ಅಂತ ಬಿಟ್ಟೆ.”

ನಾಗರಾಜಪ್ಪನಿಗೆ ತನ್ನ ಮೇಲೇ ಬೇಸರವಾಯಿತು. ‘ಯಾವ ಅಚ್ಚು’ ಎಂದು ಮೊದಲ ದಿನವೇ ಕೇಳಿದ್ದರೆ ಕೆಲಸ ಅಂದೇ ಮುಗಿಯುತ್ತಿತ್ತು, ಅಚ್ಚೂ ಉಳಿಯುತ್ತಿತ್ತು. ಆದರೂ ಕಾನೂನು ಅವನ ಕೈ ಕಟ್ಟಿತ್ತು. ಸಂಜೆ ಐದಕ್ಕೆ, ಮಾಲೀಕನ ಸೊತ್ತು ಕದ್ದ ಕೆಲಸಗಾರನ ಮೇಲೆ ಹಾಕುವ ಐಪಿಸಿ ಕಲಂ 381ರಡಿ ಚಿಕ್ಕಹನುಮಂತಪ್ಪನ ಬಂಧನ ದಾಖಲಾಯಿತು. ಉಡಚಮ್ಮ ಜೀಪಿನವರೆಗೂ ಬಂದು, ಗಂಡನ ಹೆಗಲಿಗೆ ಟವೆಲ್ ಹಾಕಿ ನಿಂತಳು.

ದೀಪ ಹಚ್ಚುವ ಹೊತ್ತಿಗೆ ಷಣ್ಮುಖಪ್ಪ ಮತ್ತೆ ಠಾಣೆಗೆ ಬಂದ. ಈ ಸಲ ದನಿ ತಗ್ಗಿತ್ತು.

“ಸರ್, ದೂರು ವಾಪಸ್ ತಗಳ್ಳಾಕೆ ಬರ್ತೈತೇನ್ರಿ?”

“ಎಫ್‌ಐಆರ್ ಆಗೈತೆ. ನಾಳೆ ಕೋರ್ಟಿಗೆ ಹಾಜರು ಮಾಡ್ತೀವಿ. ಅಲ್ಲೇ ಜಾಮೀನು ಕೇಳ್ರಿ. ಈಗ್ಯಾಕೆ ಮನಸ್ಸು ಕರಗ್ತು?”

“ಹೊಸದಾಗಿ ಬಾನೆಟ್ಟು ಬಡಿದ್ರಲ್ಲವಾ ಸರ್ ಅದರ ಮೇಲೆ ಇನ್ನೊಂದು ಅಚ್ಚು ತೆಗಿಯೋದು? ಆ ರೂಪು ತರಾಕೆ ಅವನನ್ನ ಬಿಟ್ರೆ ನನಗೆ ಯಾರಿದಾರೆ?”

ಲಾಕಪ್ಪಿನ ಮೂಲೆಯಲ್ಲಿ ಕೂತಿದ್ದ ಚಿಕ್ಕಹನುಮಂತಪ್ಪ ತಲೆ ಎತ್ತಿದ. ಕಂಬಿಯ ಹತ್ತಿರ ಬರಲಿಲ್ಲ.

“ಈ ಮಾತು ಹೋದ ವಾರ ಅಂದಿದ್ರೆ ಸಾಕಿತ್ತಲ್ರೀ, ಸಾವ್ಕಾರ್ರೆ,” ಎಂದ.

ಷಣ್ಮುಖಪ್ಪ ಕಂಬಿ ಹಿಡಿದುಕೊಂಡು ನಿಂತ. ಅವನನ್ನು ಹೊರಗೆ ಕಳಿಸಲು ಎದ್ದ ತಿಪ್ಪೇಶಪ್ಪನಿಗೆ ನಾಗರಾಜಪ್ಪ ಕಣ್ಣಲ್ಲೇ ಬೇಡವೆಂದ.