ಏಳನೇ ಬೆಡ್ಡಿನ ಬೊಂಡ

ಸುಳ್ಯದ ಕಾನೂನು ಸುವ್ಯವಸ್ಥೆಗೆ ಗಂಡಾಂತರ ಒದಗಿದ್ದು ಫೆಬ್ರುವರಿ 11ರ ಬೆಳಿಗ್ಗೆ 10.20ಕ್ಕೆ. ಖಾಸಗಿ ಆಸ್ಪತ್ರೆಯೊಂದರ ಏಳನೇ ಬೆಡ್ಡಿನಡಿಯಿಂದ ಒಂಬತ್ತು ಬೊಂಡ ಕಾಣೆಯಾಗಿದ್ದವು. ನ್ಯುಮೋನಿಯಾ ಆಗಿ ಮಲಗಿದ್ದ ಬೆಳ್ಯಪ್ಪನವರಿಗೆ ನೆಂಟರು ತಂದ ಎಳನೀರು. ದೂರುದಾರ, ರೋಗಿಯ ತಮ್ಮ ಕಿಟ್ಟಣ್ಣ.

"ಇಷ್ಟಕ್ಕೆಲ್ಲ ಎಫ್ಐಆರ್ ಆಗುದಿಲ್ಲ ಮಾರಾಯ್ರೆ," ಎಂದರು ಎಸ್ಐ ಹರಿಪ್ರಸಾದ್.

"ರೋಗಿಯ ಬಾಯಿಂದ ನೀರು ಕಸಿಯುದು ಕೊಲೆಯತ್ನ ಅಲ್ವಾ? ಎಸ್ಪಿಗೆ ಫೋನ್ ಮಾಡ್ಬೇಕಾ?"

ಎಸ್ಪಿಯ ಹೆಸರು ಬಂದ ಮೇಲೆ ಬೊಂಡದ ತೂಕ ಹೆಚ್ಚಿತು. 10.50ಕ್ಕೆ ಸ್ಥಳ ಪಂಚನಾಮೆ. ಮಂಚದಡಿಯಲ್ಲಿ ಸಿಕ್ಕಿದ್ದು ಒಂದು ಜೊತೆ ಚಪ್ಪಲಿ ಮಾತ್ರ. ಆಸ್ಪತ್ರೆಯೆದುರು ಬೊಂಡ ಮಾರುವ ಅಸ್ಕರ್ ಮಾತ್ರ ಎರಡನೇ ಪ್ರಶ್ನೆಗೇ ಬಾಯಿಬಿಟ್ಟ.

"ಆ ರೋಗಿಯ ಮಗಳೇ ತಂದು ಕೊಡುದು ಸರ್. ದುಡ್ಡು ಬೇಡ, ಇಲ್ಲಿಂದ ಸಾಗಿಸಿ ಅಂತಾರೆ. ನನಗೆ ಬಂದ ಭಾಗ್ಯ, ಬೇಡ ಅಂತ ಹೇಳುದು ಹೇಗೆ?"

11.15ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಪ್ರೀತಿಕಾ, ಅಪ್ಪನ ಪಕ್ಕ ಕೂತಿದ್ದ ಭವಿತಾಳನ್ನು ಎಬ್ಬಿಸಿ ಠಾಣೆಗೆ ಕರೆತಂದಳು. ಹಿಂದೆಯೇ ಕಿಟ್ಟಣ್ಣನೂ ಬಂದು ಬೆಂಚಿನಲ್ಲಿ ಕೂತರು.

"ಕದ್ದದ್ದು ಹೌದಾ?"

"ಹೌದು."

"ಯಾಕೆ?"

"ಎದೆಯ ನಂಜು ಕಿಡ್ನಿಗೆ ಹೋಗಿದೆ ಸರ್. ಎರಡು ದಿನದಿಂದ ಮೂತ್ರ ಇಲ್ಲ. ರಕ್ತದಲ್ಲಿ ಪೊಟ್ಯಾಶಿಯಂ ಏರ್ತಾ ಉಂಟು, ಬೊಂಡದಲ್ಲಿ ಇರುದೂ ಅದೇ. ಇನ್ನೂ ಏರಿದ್ರೆ ಹೃದಯ ನಿಲ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ."

"ಮನೆಯವರಿಗೆ ಹೇಳ್ಲಿಲ್ವಾ?"

"ಹೇಳಿದೆ. ಡಾಕ್ಟ್ರು ಹುಟ್ಟುವ ಮೊದಲೇ ಬೊಂಡ ಇತ್ತು ಅಂದ್ರು ಚಿಕ್ಕಪ್ಪ. ಅಷ್ಟು ದೂರದಿಂದ ತಂದವರಿಗೆ ಬೇಜಾರಾಗ್ತದೆ, ಒಂದು ಗುಟುಕಾದರೂ ಕುಡಿಸುವ ಅಂತಾರೆ ಅಮ್ಮ. ಅವರ ಹತ್ರ ವಾದ ಮಾಡ್ಲಿಕ್ಕೆ ಆಗುದಿಲ್ಲ. ಕದಿಲಿಕ್ಕೆ ಆಗ್ತದೆ."

ಹರಿಪ್ರಸಾದ್ ಪೆನ್ನು ಕೆಳಗಿಟ್ಟರು. "ಈಗ ಅಪ್ಪನ ಹತ್ರ ಯಾರುಂಟು?"

"ಅಮ್ಮ."

ಅವರು ವಾರ್ಡಿಗೆ ಫೋನ್ ಮಾಡಿದರು. ನರ್ಸ್ ತಡಬಡಾಯಿಸಿದಳು. "ಕೊಲ್ಲಮೊಗ್ರಿನಿಂದ ಒಂದು ಜೀಪು ನೆಂಟರು ಬಂದಿದ್ರು ಸರ್. ನಾನು ಬೇರೆ ಬೆಡ್ಡಿನಲ್ಲಿದ್ದೆ. ಎರಡು ಬೊಂಡ ಕುಡಿಸಿ ಹೋಗಿದ್ದಾರೆ. ಇಸಿಜಿ ಸರಿ ಇಲ್ಲ."

ಎಸ್ಐ ಅಷ್ಟನ್ನೂ ಗಟ್ಟಿಯಾಗಿ ಹೇಳಿದರು.

"ಎರಡೇ ಅಲ್ವಾ?" ಎಂದರು ಕಿಟ್ಟಣ್ಣ. ಭವಿತಾ ಆಗಲೇ ಬಾಗಿಲು ದಾಟಿದ್ದಳು. ತಡೆಯಬೇಕಿದ್ದ ಪ್ರೀತಿಕಾ ಓಡಿಹೋಗಿ ಠಾಣೆಯ ಜೀಪಿನ ಬಾಗಿಲು ತೆರೆದಳು.

ಡಯಾಲಿಸಿಸ್‌ಗೆಂದು ಆ್ಯಂಬುಲೆನ್ಸ್ 12.40ಕ್ಕೆ ಪುತ್ತೂರಿಗೆ ಹೊರಟಿತು. ಜಾಲ್ಸೂರು ದಾಟುವಷ್ಟರಲ್ಲಿ ಬೆಳ್ಯಪ್ಪ ತೀರಿಕೊಂಡರು.